ಹಗೇವಿಗಿಳಿದ ಇಂಜಿನುಗಳು

ಬಾಗಿಲು ಬಡಿದ ಸದ್ದಾದರೆ ಎಲ್ಲರ ಕಣ್ಣೂ ಬಾಗಿಲ ಕಡೆ ಹೋಗುತ್ತದೆ. ನನ್ನ ಕಣ್ಣು ಗೋಡೆಯ ಗೂಡಿನ ಕಡೆ ಹೋಗುತ್ತದೆ. ಮೊನ್ನೆ ಕರೆಂಟ್ ಬಿಲ್ಲಿನವನು ಬಂದಾಗಲೂ ಹಾಗೇ ಆಯಿತು. ಅವನು ಹೊರಗೆ ನಿಂತು ಕೂಗುತ್ತಿದ್ದ. ನಾನು ಒಳಗೆ ಗೂಡಿಗೆ ಅಡ್ಡವಾಗಿ ಸೆರಗು ಹರಡಿಕೊಂಡು ನಿಂತಿದ್ದೆ. ಗೂಡಿನಲ್ಲಿ ಇದ್ದದ್ದು ಅಂಗೈಗಿಂತ ತುಸು ದೊಡ್ಡವಾದ ನಾಲ್ಕು ರೈಲು ಇಂಜಿನು. ಅವು ಯಾರಿಗೂ ಬೇಡ. ನಿಜಾಮರ ಕಾಲ ಹೋಯಿತು, ಎರಡನೆಯ ಮಹಾಯುದ್ಧವೂ ಮುಗಿಯಿತು, ಬೂಟು ಸದ್ದು ಮಾಡಿಕೊಂಡು ಬರುತ್ತಿದ್ದ ಅಮೀನರೆಂಬ ಪೊಲೀಸ್ ಅಧಿಕಾರಿಗಳೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಎದೆ ಮಾತ್ರ ತನ್ನ ಪಾಡಿಗೆ ತಾನು ಡವಗುಟ್ಟುತ್ತದೆ. ನನ್ನ ಎದೆಗೆ ಇತಿಹಾಸ ಓದಿಸಿದವರು ಯಾರೂ ಇಲ್ಲ.

ಇವನ್ನು ಆಟಿಕೆ ಎಂದರೆ ನನಗೆ ಸಿಟ್ಟು ಬರುತ್ತದೆ. ಆಟಿಕೆಗೆ ಚಕ್ರ ತಿರುಗಿದರೆ ಸಾಕು. ಇವು ಹಾಗಲ್ಲ. ಜರ್ಮನಿಯಲ್ಲಿ ಹಿಂದೆ ನಿಜವಾಗಿ ಓಡಿದ ಹಳೆಯ ಇಂಜಿನುಗಳನ್ನು ಅಳತೆ ಹಿಡಿದು, ಹೊಗೆ ಕೊಳವೆಯಿಂದ ಮೊಳೆಯ ತಲೆಯವರೆಗೆ ಒಂದೇ ಲೆಕ್ಕದಲ್ಲಿ ಕುಗ್ಗಿಸಿ ಮಾಡಿದಂಥವು. ಇಂಥದ್ದನ್ನು ಕೂಡಿಡುವ ಹುಚ್ಚು ಹತ್ತಿದ್ದು ನನಗೆ, ಅದೂ ಲಿಂಗಸುಗೂರಿನಲ್ಲಿ. ಅಲ್ಲಿ ಹಳಿ ಇಲ್ಲ, ಸ್ಟೇಷನ್ ಇಲ್ಲ, ರೈಲು ನೋಡಬೇಕೆಂದರೆ ರಾಯಚೂರಿಗೇ ಹೋಗಬೇಕು. ಸಮುದ್ರವಿಲ್ಲದ ಊರಿನಲ್ಲಿ ಹಡಗು ಕೂಡಿಟ್ಟ ಹಾಗೆ. ನೀವು ನಗಬಹುದು. ನಮ್ಮ ಅತ್ತೆಯೂ ನಕ್ಕಿದ್ದರು.

ನಾನು ಹುಟ್ಟಿ ಬೆಳೆದದ್ದು ರಾಯಚೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗಾರ್ಡು. ನಮ್ಮ ಮನೆಗೆ ಗಡಿಯಾರ ಬೇಕಿರಲಿಲ್ಲ, ಸೀಟಿ ಕೇಳಿ ಅನ್ನಕ್ಕಿಡುತ್ತಿದ್ದೆವು. ಅವ್ವ ಅಂಗಳದಲ್ಲಿ ಒಣಹಾಕಿದ ಶ್ಯಾವಿಗೆಯ ಮೇಲೆ ಇದ್ದಿಲ ಕಣ ಬಂದು ಕೂರುತ್ತಿತ್ತು. ಬೀಗರು ಉಂಡು, "ಇದೇನ್ರಿ, ಶ್ಯಾವಿಗಿಗೆ ಎಳ್ಳು ಹಾಕೀರಿ?" ಎಂದು ಕೇಳಿದರೆ ಅವ್ವ ಹುಬ್ಬೂ ಅಲುಗಿಸದೆ, "ಹೂನ್ರಿ, ನಮ್ಮ ಕಡಿ ಪದ್ಧತಿ" ಎನ್ನುತ್ತಿದ್ದಳು. ಮೇಲ್ ಗಾಡಿ ತಡವಾದ ದಿನ ಇಡೀ ಸಾಲಿನ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೂ ಏನೂ ಆಡುತ್ತಿರಲಿಲ್ಲ. ದೂರದಲ್ಲಿ ಸೀಟಿ ಕೇಳಿಸಿದ ಮೇಲೆ ಸುಮ್ಮನೆ ಒಳಗೆ ಹೋಗಿ ಒಲೆ ಊದುತ್ತಿದ್ದರು. ಚಿಂತೆ ಮಾಡುವುದನ್ನು ನಾನು ಯಾರಿಂದಲೂ ಕಲಿಯಬೇಕಾಗಿ ಬರಲಿಲ್ಲ, ಅದು ಹಾಲಿನ ಜೊತೆಗೇ ಬಂದಿತ್ತು.

ಅಂಥವಳನ್ನು ಲಿಂಗಸುಗೂರಿಗೆ ಕೊಟ್ಟರು. ಗಂಡ ತಹಸೀಲು ಕಚೇರಿಯಲ್ಲಿ ಗಿರ್ದಾವರ್, ಅಂದರೆ ಊರೂರು ತಿರುಗಿ ಬೆಳೆ, ಕಂದಾಯ ನೋಡುವ ಸರ್ಕಾರಿ ನೌಕರ. ಒಳ್ಳೆಯ ಮನುಷ್ಯ, ಆದರೆ ಆ ಊರಿನ ಮೌನ ನನ್ನನ್ನು ಕೊಂದಿತು. ಏನೂ ಸದ್ದಿಲ್ಲ ಎಂದರೆ ಏನೋ ಆಗಿದೆ ಎಂದೇ ನನ್ನ ಲೆಕ್ಕ. ಮುಂಬಯಿಯಲ್ಲಿ ವಿಲಾಯತಿ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಬಂದಾಗ, "ಗಾಡಿ ಸಪ್ಪಳಿಲ್ದ ನಿದ್ದಿನ ಬರವಲ್ದೋ ಅಣ್ಣಾ" ಎಂದು ಅತ್ತುಬಿಟ್ಟೆ. ಮುಂದಿನ ಸಲ ಬರುವಾಗ ಅವನು ನಗೆಚಾಟಿಕೆಗೆಂದು ಒಂದು ಇಂಜಿನು ತಂದುಕೊಟ್ಟ. ಉದ್ದನೆಯ ಕೊಳವೆ, ಹಳದಿ ಪೀಪಾಯಿಯಂಥ ಹೊಟ್ಟೆ, ಪಕ್ಕದಲ್ಲಿ 'ಆಡ್ಲರ್' ಎಂಬ ಹೆಸರು. ಹಾಗೆಂದರೆ ಹದ್ದು ಎಂದು ಅಣ್ಣ ಹೇಳಿದ. ಜರ್ಮನಿಯಲ್ಲಿ ಜನ ಕೂತು ಹೋದ ಮೊದಲ ಗಾಡಿ ಎಳೆದದ್ದು ಇದೇ ಅಂತೆ. ಅದರ ದಾರಿಯಲ್ಲಿ ಸಾಗಿದ ಮೊದಲ ಸರಕು ಎರಡು ಪೀಪಾಯಿ ಬೀರಂತೆ.

ಬೀರಿನ ಸಂಗತಿ ಅವನು ಅತ್ತೆಯ ಮುಂದೆ ಹೇಳಬಾರದಿತ್ತು. ತೀರಿಹೋದ ಮಾವನಿಗೆ ಕುಡಿತದ ಚಟವಿತ್ತು. "ಸೆರೆ ಹೊತ್ತ ಗಾಡಿ ದೇವ್ರ ಜಗಲಿ ಹತ್ರ ಇಡಬ್ಯಾಡ" ಎಂದು ಅವರು ಅದನ್ನು ಅಡುಗೆಮನೆಯಾಚೆಯ ಗೂಡಿಗೆ ಗಡೀಪಾರು ಮಾಡಿದರು. ಓಣಿಯ ಹೆಂಗಸರಿಗೆ ತೋರಿಸಿ, "ಎಲ್ಲಾರ ತವರಿಂದ ಸೀರಿ ಬರ್ತಾವ, ಕುಬಸ ಬರ್ತಾವ. ನಮ್ಮ ಸೊಸಿ ತವರಿಂದ ಹೊಗಿ ಗಾಡಿ ಬರ್ತೈತಿ ನೋಡ್ರೆವ್ವಾ" ಎಂದರು. ಹೆಂಗಸರು ಮುಟ್ಟಿ ನೋಡಿದರು. ನನಗೆ ಅವರ ಕೈಯ ಎಣ್ಣೆಯದೇ ಚಿಂತೆ.

ಒಂದಿದ್ದರೆ ಅದು ನೆನಪು, ಎರಡಾದರೆ ಹುಚ್ಚು. ಮುಂದಿನ ವರ್ಷ ಅಣ್ಣ ಏನು ತರಲಿ ಎಂದಾಗ ನನ್ನ ಬಾಯಿಂದ ಸೀರೆ ಎಂಬ ಮಾತು ಬರಲಿಲ್ಲ. ಹಾಗೆ 'ಡ್ರಾಖೆ' ಬಂತು. ಅದು ಬೆಂಕಿ ಉಗುಳುವ ಘಟಸರ್ಪದ ಹೆಸರು. ಆಮೇಲೆ 'ಫಾಲ್ಟ್ಸ್', ಅಸಲು ಇಂಜಿನಿನಲ್ಲಿ ಅದರ ಹಿಂದಿನ ಗಾಲಿ ಆಳೆತ್ತರವಂತೆ, ಮುಂದಿನವು ಸೊಂಟದಷ್ಟಂತೆ, ಕೂತ ಕುದುರೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಬವೇರಿಯಾದ ಹಸಿರು ಎಕ್ಸ್‌ಪ್ರೆಸ್ ಇಂಜಿನು, ನಾಲ್ಕರಲ್ಲೂ ದೊಡ್ಡದು, ಚೆಂದದ್ದು. ಹಗಲು ಊಟವಾದ ಮೇಲೆ ಅವನ್ನು ಚಾಪೆಯ ಮೇಲಿಟ್ಟು ಮೆತ್ತನೆ ಅರಿವೆಯಿಂದ ಒರೆಸುತ್ತಿದ್ದೆ. ಒರೆಸುವಾಗ ಮಾತ್ರ ನನಗೆ ಏನೂ ಚಿಂತೆ ಇರುತ್ತಿರಲಿಲ್ಲ. ಒರೆಸಿ ಮೇಲಿಟ್ಟ ಕೂಡಲೇ ಗೂಡು ಕುಸಿದೀತೇ, ಇಲಿ ಬಂದೀತೇ, ಮಳೆ ಸೋರೀತೇ ಎಂದು ಶುರುವಾಗುತ್ತಿತ್ತು.

ಆಗ ಯುದ್ಧ ಬಂತು. ಅಣ್ಣನ ಅಂಗಡಿಯಲ್ಲಿ ಜರ್ಮನ್ ಸಾಮಾನು ನಿಂತುಹೋಯಿತು. ರಾಯಚೂರಿನ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಬರತೊಡಗಿತು. ಚಾವಡಿಯಲ್ಲಿ ಉರ್ದು ಪತ್ರಿಕೆ ಓದಿ ಹೇಳುವವರ ಬಾಯಲ್ಲಿ ದಿನವೂ ಜರ್ಮನ್, ಜರ್ಮನ್. ನನ್ನ ನಾಲ್ಕು ಇಂಜಿನಿನ ತಳದಲ್ಲೂ ಇಂಗ್ಲಿಷ್ ಅಕ್ಷರದಲ್ಲಿ 'ಜರ್ಮನಿ' ಎಂದು ಅಚ್ಚಾಗಿತ್ತು. ಗಂಡನಿಗೆ ಹೇಳಿದೆ.

"ಏನೂ ಆಗಂಗಿಲ್ಲ ತಗೋ," ಎಂದರು. "ಅಂಗೈಯಷ್ಟು ಇಂಜಿನ್ನಿಗೆ ಯಾರು ಬಂದು ಕೇಳ್ತಾರ?"

"ನೀವು ಸರ್ಕಾರಿ ಉಪ್ಪು ತಿನ್ನಾವ್ರು. ನಿಮ್ಮನ್ನ ಮೊದಲ ಕೇಳ್ತಾರ."

"ಕೇಳಿದ್ರ ತೋರಸೋಣ. ಏನ್ ತೋಪು ತುಪಾಕಿ ಅದಾವೇನು?"

ಈ ಉತ್ತರದಿಂದ ಸಮಾಧಾನವಾಗುವ ಜಾತಿ ನನ್ನದಲ್ಲ. ಅದಾಗಿ ಕೆಲವು ದಿನಕ್ಕೆ ಪಕ್ಕದ ಮನೆಯ ಚಾಂದಬೀ ಹಿತ್ತಿಲ ಬಾಗಿಲಿಂದ ಬಂದಳು. ಅವಳ ಗಂಡ ದರ್ಜಿ, ಪೊಲೀಸರ ಬಟ್ಟೆಯನ್ನೂ ಹೊಲಿಯುತ್ತಿದ್ದ.

"ಯಕ್ಕಾ, ನಮ್ಮವ್ರು ಹೊಸಾ ಅಮೀನ್ ಸಾಬ್ರ ಕೋಟಿನ ಅಳತಿ ತಗೊಳ್ಳಾಕ ಚೌಕಿಗೆ ಹೋಗಿದ್ರು. ಅಲ್ಲಿ ಯಾರೋ ಅನ್ನಾಕತ್ತಿದ್ರಂತ, ಗಿರ್ದಾವರ್ ಮನ್ಯಾಗ ಜರ್ಮನ್ ಮಿಷನ್ ಅದಾವ, ಮುಂಬಯಿಂದ ಬಂದಾವ ಅಂತ. ಖುದಾ ಕಸಮ್, ನಾ ಬಾಯಿ ಬಿಟ್ಟಿಲ್ಲ."

ನನ್ನ ಕೈಯ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಓಣಿಯಲ್ಲಿ 'ಹೊಗಿ ಗಾಡಿ' ಆಗಿದ್ದದ್ದು ಬಜಾರು ದಾಟುವಷ್ಟರಲ್ಲಿ 'ಮಿಷನ್' ಆಗಿತ್ತು. ಚೌಕಿಯಿಂದ ಹೈದರಾಬಾದ್ ಮುಟ್ಟುವ ಹೊತ್ತಿಗೆ ಇನ್ನೇನಾಗುತ್ತದೋ! ಗಂಡ ತುರ್ವಿಹಾಳದ ಕಡೆ ತಿರುಗಾಟದಲ್ಲಿದ್ದರು. ನಾನು ಹೋಗಿ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಅಡಿಕೆ ಕತ್ತರಿಸುತ್ತಲೇ, "ಮಸ್ಕಿಗೆ ಒಯ್ಯೋಣ. ಹಗೇಕ ಹಾಕಿದ್ರ ಅಮರೇಶ ದೇವ್ರ ಬಂದ್ರೂ ಸಿಗಂಗಿಲ್ಲ" ಎಂದರು.

ಮಸ್ಕಿಯಲ್ಲಿ ಗಂಡನ ಅಣ್ಣ, ನಮ್ಮ ಭಾವ, ಒಕ್ಕಲುತನ ಮಾಡಿಕೊಂಡಿದ್ದರು. ಮನೆಯ ಮುಂದೆಯೇ ಅವರ ಹಗೇವು. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತಿಬಿಟ್ಟರೆ ಮೇಲೆ ದನ ಕಟ್ಟಬಹುದು.

ಚಾಂದಬೀ ತನ್ನ ಗಂಡನ ಅಂಗಡಿಯ ಚಿಂದಿಯನ್ನೆಲ್ಲ ತಂದುಕೊಟ್ಟಳು. ಅದರಲ್ಲಿ ಇಂಜಿನುಗಳನ್ನು ಸುತ್ತಿ, ಬೇವಿನ ಸೊಪ್ಪು ತುರುಕಿ, ಬುಟ್ಟಿಯಲ್ಲಿಟ್ಟು, ಮೇಲೆ ದಾರಿಯ ಬುತ್ತಿಯನ್ನಿಟ್ಟು, ನಾನೂ ಅತ್ತೆಯೂ ಬಂಡಿ ಹತ್ತಿದೆವು. ಸಂತೆಕಲ್ಲೂರಿನ ಹತ್ತಿರ ಎತ್ತಿಗೆ ನೀರು ಕುಡಿಸಲು ಹುಣಸೆಮರದ ನೆರಳಿಗೆ ನಿಂತರೆ ಅಲ್ಲಿ ಮೊದಲೇ ಒಂದು ಕುದುರೆ ಕಟ್ಟಿತ್ತು. ಕುದುರೆಯ ಪಕ್ಕದಲ್ಲಿ ಹೊಸ ಅಮೀನರು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು.

"ಯಾರ ಬಂಡಿ?" ಎಂದರು.

ಅತ್ತೆ ಬಂಡಿಯಲ್ಲೇ ಕೂತು, "ಗಿರ್ದಾವರ್ ಮಂದಿ ನಾವು. ನಾನು ಅವನ ತಾಯಿ. ಬಿಸಲಾಗ ಬಂದೀರಿ, ಉಣ್ತೀರೇನ್ರಿ?" ಎಂದವರೇ ಬುಟ್ಟಿಯ ಮುಚ್ಚಳ ತೆಗೆದರು. ಅವರು ನಿಧಾನವಾಗಿ ರೊಟ್ಟಿ ತೆಗೆದರು, ಶೇಂಗಾ ಚಟ್ನಿ ತೆಗೆದರು, ಚಿಂದಿಯ ಒಂದು ತುದಿ ಮೇಲೆ ಬಂದಾಗ ಅದನ್ನೇ ಹರಿದು ಕೈ ಒರೆಸಿಕೊಳ್ಳಲು ಕೊಟ್ಟರು. ಅಮೀನರು ತಿಂದು, "ಬಹುತ್ ಅಚ್ಛಾ ಅಮ್ಮಾ" ಎಂದು ಕುದುರೆ ಹತ್ತಿ ಹೋದರು. ಅತ್ತೆ ಮುಚ್ಚಳ ಮುಚ್ಚುವಾಗ ಅವರ ಕೈಬಳೆ ಗಲಗಲ ಅನ್ನುತ್ತಿದ್ದವು. ಅವರಿಗೂ ನಡುಕ ಬರುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ.

ಬುಟ್ಟಿ ಅರೆ ತುಂಬಿದ ಹಗೇವಿನ ಕತ್ತಲಲ್ಲಿ, ಜೋಳದ ಮೇಲೆ ಕೂತಿತು. ಭಾವ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಗಂಡ ತಿರುಗಾಟ ಮುಗಿಸಿ ಬಂದಾಗ ಎಲ್ಲ ಹೇಳಿದೆ. ಅವರು ನಕ್ಕು, "ರೈಲಿಗೆ ಸುರಂಗಾನೂ ಆತು ಬಿಡು" ಎಂದರು. ನಾನು ನಗಲಿಲ್ಲ. ತೇವ ಹಿಡಿದು ಹಸಿರು ಬಣ್ಣ ಎದ್ದೀತೇ, ಗಾಲಿಗೆ ತುಕ್ಕು ಬಂದೀತೇ ಎಂಬ ಹೊಸ ಚಿಂತೆ ಆಗಲೇ ಒಳಗೆ ಸೇರಿತ್ತು.

ಆದರೆ ನಾನು ಚಿಂತೆ ಮಾಡದೆ ಬಿಟ್ಟದ್ದೇ ಎದುರಿಗೆ ಬಂತು. ಯುದ್ಧ ಬೆಳೆದ ಹಾಗೆ ಧಾನ್ಯದ ಲೆವಿ ಶುರುವಾಯಿತು. ರೈತರು ಇಂತಿಷ್ಟು ಜೋಳ ಸರ್ಕಾರಕ್ಕೆ ಅಳೆಯಬೇಕು. ಯಾರೂ ಬಚ್ಚಿಡಬಾರದೆಂದು ಊರೂರಿನ ಹಗೇವುಗಳಿಗೆ ಮೊಹರು ಒತ್ತಿ ಹೋದರು. ಒತ್ತಿದವರು ನನ್ನ ಗಂಡನ ಕಚೇರಿಯವರೇ. ಇನ್ನು ಮಸ್ಕಿಯ ಹಗೇವನ್ನು ಪಂಚರ ಎದುರು, ಅಮೀನರ ಎದುರು ಮಾತ್ರ ತೆರೆಯಬೇಕು. ಆ ದಿನ ಗಿರ್ದಾವರರೂ ಅಲ್ಲಿರಬೇಕು.

"ಏನೂ ಆಗಂಗಿಲ್ಲ ಅಂದ್ರಲ್ಲ?" ಎಂದೆ.

ಗಂಡ ಗಡ್ಡ ಕೆರೆದುಕೊಂಡು ಕೂತರು. ಅವರು ಚಿಂತೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಅದು ನನ್ನ ಚಿಂತೆಗಿಂತ ಭಯಂಕರವಾಗಿತ್ತು. ಮನೆಯಲ್ಲಿ ಒಬ್ಬರಾದರೂ ಹೆದರದೆ ಇದ್ದರೆ ಇನ್ನೊಬ್ಬರು ನಿಶ್ಚಿಂತೆಯಿಂದ ಹೆದರಬಹುದು.

ಲೆವಿಯ ದಿನ ನಾನೂ ಅತ್ತೆಯೂ ಮಸ್ಕಿಯಲ್ಲೇ ಇದ್ದೆವು. ಬೆಳಿಗ್ಗೆ ಮೊಹರು ಒಡೆದು ಕಲ್ಲು ಸರಿಸಿದರು. ಹುಳಿ ಹುಳಿಯಾದ ಬಿಸಿ ವಾಸನೆ ಮೇಲೆ ಬಂತು. ಭಾವ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರು. ಇಳಿದ ಕೂಡಲೇ ಅದು ಆರಿಹೋಯಿತು.

"ಈಗ ಇಳಿಯಂಗಿಲ್ರಿ," ಎಂದರು ಭಾವ ಅಮೀನರಿಗೆ. "ಹಗೇದ ಗಾಳಿ ಕೆಟ್ಟೈತಿ. ದೀಪ ಉರಿಯೂ ಮಟಾ ತಡೀಬೇಕು."

ಅಮೀನರಿಗೆ ಅವತ್ತು ಇನ್ನೂ ಎರಡೂರು ಮುಗಿಸಬೇಕಿತ್ತು. ಅವರು ಭಾವನನ್ನೂ ನನ್ನ ಗಂಡನನ್ನೂ ಒಂದು ಸಲ ನೋಡಿದರು. "ಅಣ್ಣಂದು ಹಗೇವು, ತಮ್ಮ ಗಿರ್ದಾವರ್. ತಡ ಮಾಡಿ ಏನ್ ಮುಚ್ಚಿಡ್ತೀರಿ? ವಾಲೀಕಾರ, ಇಳೀ!"

ವಾಲೀಕಾರ ಎಂದರೆ ಊರ ಸರ್ಕಾರಿ ಆಳು. ಅವನು ತಲೆಯ ರುಮಾಲು ಬಿಚ್ಚಿ ಮೂಗಿಗೆ ಕಟ್ಟಿಕೊಳ್ಳತೊಡಗಿದ. ಅವನ ಕೈಗೆ ಗಂಟು ಹಾಕಲೇ ಬರುತ್ತಿರಲಿಲ್ಲ.

"ಬ್ಯಾಡ್ರಿ ಸಾಹೇಬ್ರ," ಎಂದರು ನನ್ನ ಗಂಡ. "ಮಕ್ಕಳೊಂದಿಗ ಅದಾನ. ನಿಮಗ ಸಂಶೇ ಇದ್ರ ನಾನ ಇಳೀತೀನಿ."

ಅಷ್ಟು ಜನರ ನಡುವೆ ಸೊಸೆ ಬಾಯಿ ಬಿಡುವಂತಿರಲಿಲ್ಲ. ಬಾಗಿಲ ಹಿಂದೆ ನಿಂತು ನಾನು ಅತ್ತೆಯ ರಟ್ಟೆ ಹಿಡಿದೆ. ಗಂಡ ಕೋಟು ಕಳಚಿ ಭಾವನ ಕೈಗೆ ಕೊಟ್ಟರು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡರು, ಇಳಿದರು. ವಾಲೀಕಾರನ ಜೀವಕ್ಕೆಂದು ಇಳಿದರೋ, ನನ್ನ ಬುಟ್ಟಿ ಇನ್ನೊಬ್ಬರ ಕೈಗೆ ಸಿಗಬಾರದೆಂದು ಇಳಿದರೋ, ನನಗೆ ಇವತ್ತಿಗೂ ತಿಳಿಯದು. ಆಮೇಲೆ ಎಷ್ಟೋ ಸಲ ಕೇಳಿದೆ. "ಆಗ ಏನ್ ಅನಿಸ್ತೋ ಏನೋ" ಎಂದು ಮಾತು ತೇಲಿಸುತ್ತಿದ್ದರು.

ಮೊದಲು ಜೋಳ ಜಾರಿದ ಸದ್ದು ಕೇಳಿತು. ಆಮೇಲೆ ಒಂದು ಕೆಮ್ಮು. ಆಮೇಲೆ ಹಗ್ಗ ಸಡಿಲವಾಯಿತು.

"ಅಮರಾ!" ಎಂದು ಮಗನ ಹೆಸರು ಕೂಗುತ್ತ ಅತ್ತೆ ಜನರನ್ನು ಸೀಳಿಕೊಂಡು ಓಡಿದರು. ನಾನೂ ಓಡಿದೆ, ಸೆರಗು ಎಲ್ಲಿತ್ತೋ ನೆನಪಿಲ್ಲ. ಭಾವ, ವಾಲೀಕಾರ ಹಗ್ಗ ಎಳೆಯತೊಡಗಿದ್ದರು. ಅಮೀನರೂ ಟೋಪಿ ಎಸೆದು ಅವರ ಹಿಂದೆ ಹಗ್ಗಕ್ಕೆ ಬಿದ್ದರು. ಮೇಲೆ ಬಂದ ಮನುಷ್ಯನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ರೆಪ್ಪೆಯ ಮೇಲೆಲ್ಲ ಜೋಳದ ದೂಳು. ಗಾಳಿ ಬೀಸಿದರು, ನೀರು ಎರಚಿದರು. ಅತ್ತೆ ಅವರ ಎದೆ ತಿಕ್ಕುತ್ತ ಕಿವಿಯ ಹತ್ತಿರ ಬಾಗಿ ಹೆಸರು ಕೂಗುತ್ತಲೇ ಇದ್ದರು. ನಾನು ಅವರ ಮೂಗಿನ ಕೆಳಗೆ ಬೆರಳು ಹಿಡಿದು ಕೂತೆ. ನನಗೆ ಸುತ್ತಲಿನದು ಏನೂ ಕೇಳಿಸುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಅಥವಾ ನನಗೆ ಹಾಗನಿಸಿತೋ, ಬೆರಳಿಗೆ ಒಂದಿಷ್ಟು ಬೆಚ್ಚಗೆ ತಾಗಿತು. ಅವರು ಕೆಮ್ಮಿದರು.

ಮಧ್ಯಾಹ್ನ ದೀಪ ಒಳಗೆ ನಿಂತು ಉರಿಯಿತು. ವಾಲೀಕಾರ ಇಳಿದ. ಎಲ್ಲಕ್ಕಿಂತ ಮೊದಲು ಮೇಲೆ ಬಂದದ್ದು ನನ್ನ ಬುಟ್ಟಿ.

ಅಮೀನರು ಚಿಂದಿ ಬಿಚ್ಚಿದರು. ಬಾಡಿದ ಬೇವಿನ ಸೊಪ್ಪಿನಿಂದ ಹಸಿರು ಇಂಜಿನು ಹೊರಗೆ ಬಂತು. ಒಂದು ಚೂರೂ ತುಕ್ಕಿಲ್ಲ. ಗಾಲಿಗಳು ತಮ್ಮಷ್ಟಕ್ಕೆ ತಿರುಗಿದವು. ಅವರು ತಳ ನೋಡಿದರು. ಅಕ್ಷರ ಓದಿದರು. ಪಂಚರೆಲ್ಲ ಕತ್ತು ಚಾಚಿದರು. ಜಗುಲಿಯ ಮೇಲೆ ಮಲಗಿದ್ದ ಗಂಡನ ಕೈ ಹಿಡಿದು ನಾನು ಕೂತಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಆ ನಾಲ್ಕನ್ನೂ ಕಲ್ಲಿಗೆ ಹಾಕಿ ಜಜ್ಜಿದ್ದರೂ ನಾನು ತಿರುಗಿ ನೋಡುತ್ತಿರಲಿಲ್ಲ.

ಮಾತಾಡಿದ್ದು ಅತ್ತೆ. "ಹೌದ್ರಿ, ಜರ್ಮನ್ ಇಂಜಿನ್ನ. ನನ್ನ ಸೊಸಿ ತವರಿನವು. ಮಂದಿ ಬಾಯಿಗೆ ಹೆದರಿ ನಾನ ಇಲ್ಲಿ ಹುಗಿಸೀನಿ. ಹಿಡಕೊಂಡು ಹೋಗ್ರಿ ನನ್ನ. ಆದ್ರ ದೀಪ ಆರಿದ್ದು ಕಂಡೂ ಇಳೀ ಅಂದವರು ಯಾರು ಅಂತ ಅಲ್ಲಿ ನಾನೂ ಹೇಳ್ತೀನಿ."

ಅಮೀನರು ನನ್ನ ಗಂಡನ ಕಡೆ ನೋಡಿದರು. ಹಗ್ಗ ಎಳೆದ ಅಮೀನರ ಅಂಗೈಯಲ್ಲಿ ರಕ್ತ ಒಸರುತ್ತಿತ್ತು. ಕೊನೆಗೆ ಮೂರನ್ನು ಬುಟ್ಟಿಗೆ ಹಾಕಿ, ಹಸಿರಿನದನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು, "ತಹಕೀಕಾತ್ ಆಗ್ಬೇಕು" ಎಂದು ಹೊರಟರು. ವಿಚಾರಣೆ ನಡೆಯಬೇಕು ಎಂದರ್ಥ.

ಆ ಒಂದು ಮಾತು ನನ್ನನ್ನು ವಾರಗಟ್ಟಲೆ ಅರೆಯಿತು. ಲಿಂಗಸುಗೂರಿಗೆ ಮರಳಿದ ಮೇಲೆ ಒಂದು ಕಿವಿ ಬೀದಿಯ ಬೂಟಿನ ಸದ್ದಿಗೆ, ಇನ್ನೊಂದು ಕಿವಿ ಒಳಗಿನ ಕೆಮ್ಮಿಗೆ. ಜೋಳದ ದೂಳು ಗಂಡನ ಎದೆಯಲ್ಲಿ ಕೂತುಬಿಟ್ಟಿತ್ತು. ನಾಲ್ಕು ಮಾತಾಡಿದರೆ ಕೆಮ್ಮು, ನಕ್ಕರೆ ಕೆಮ್ಮು. ಹೀಗಾಗಿ ಅವರು ನಗುವುದನ್ನೇ ಬಿಟ್ಟಿದ್ದರು. ಕೊನೆಗೆ ಚೌಕಿಯಿಂದ ಕರೆ ಬಂತು. ಕೋಟು ಹಾಕಿಕೊಂಡು ಅವರು ಹೋದರು. ನಾನು ಬಾಗಿಲಲ್ಲಿ ನಿಂತೆ. ಚಾಂದಬೀ ತನ್ನ ಮನೆಯ ಬಾಗಿಲಲ್ಲಿ ನಿಂತಳು.

ಅವರು ಬಂದರು. ಕೈಯಲ್ಲಿ ಹಸಿರು ಇಂಜಿನು.

"ಏನಂದ್ರು?"

"ಕೇಸ್ ಖತಂ ಅಂದ್ರು." ಅವರು ಇಂಜಿನನ್ನು ಮಗುಚಿ ತೋರಿಸಿದರು. ತಳದಲ್ಲಿ ಅಕ್ಷರಗಳಿದ್ದ ಕಡೆ ನುಣ್ಣಗೆ ಉಜ್ಜಿದ ಹೊಳಪಿನ ಪಟ್ಟಿ. "ಅಕ್ಕಸಾಲ್ಯಾನ ಕರೆಸಿ ಅರದಿಂದ ಉಜ್ಜಿಸ್ಯಾರ. ಈಗ ಇದು ಜರ್ಮನ್ ಅಲ್ಲ ಅಂತ. ಉಳದ ಮೂರನ್ನೂ ಹಿಂಗ ಮಾಡ್ಕೋರಿ, ನಾ ಏನೂ ನೋಡಿಲ್ಲ ಅಂದ್ರು."

ಅಕ್ಕಸಾಲಿಗನಿಂದ ಅರ ಕೇಳಿ ತಂದು, ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಗಂಡ ಉಜ್ಜಿದರು. ತಳದ ಅಕ್ಷರ ಹೋದವು. ಪಕ್ಕದ ಹೆಸರೂ ಜರ್ಮನ್ನೇ ಅಲ್ಲವೇ ಎಂದು ಅದನ್ನೂ ಕೆರೆದರು. ಆಡ್ಲರ್ ಹೋಯಿತು, ಡ್ರಾಖೆ ಹೋಯಿತು, ಫಾಲ್ಟ್ಸ್ ಹೋಯಿತು. ಹಿತ್ತಾಳೆಯ ಪುಡಿ ಅವರ ಧೋತರದ ಮೇಲೆ ಉದುರುತ್ತಿತ್ತು. ಕೂಡಿಡುವವರಿಗೆ ಗೊತ್ತು, ಹೆಸರು ಹೋದ ಇಂಜಿನು ಬರೀ ತಗಡು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅದು ಹೆಸರಿಗೋ, ಅವರ ಎದೆಗೋ, ಎಲ್ಲ ಮುಗಿಯಿತೆಂಬುದಕ್ಕೋ ಬೇರ್ಪಡಿಸಿ ಹೇಳಲಾರೆ.

ಅತ್ತೆ ಒಳಗಿಂದ ಕುಂಕುಮದ ಬಟ್ಟಲು ತಂದರು. "ಹೆಸರಿಲ್ದ ಜೀವ ಮನ್ಯಾಗ ಇರಬಾರ್ದು" ಎಂದು ಕಟ್ಟೆಯ ಮೇಲೆ ಕೂತು ಸಾಲಾಗಿ ನಾಲ್ಕಕ್ಕೂ ಬೊಟ್ಟಿಟ್ಟರು. ಹಸಿರಿನದನ್ನು ಎತ್ತಿ, ಕೂಸಿನ ಕಿವಿಯಲ್ಲಿ ಹೇಳುವ ಹಾಗೆ ಅದರ ಕೊಳವೆಗೆ ಬಾಯಿ ಹಚ್ಚಿ, "ಸಿಂಧನೂರು ಎಕ್ಸ್‌ಪ್ರೆಸ್" ಎಂದರು. ಫಾಲ್ಟ್ಸ್‌ಗೆ ಲಿಂಗಸುಗೂರು. ಡ್ರಾಖೆಗೆ ಮಸ್ಕಿ. ಆಡ್ಲರ್ ಮುಂದೆ ಮಾತ್ರ ಸ್ವಲ್ಪ ಯೋಚಿಸಿದರು.

"ಸೆರೆ ಹೊತ್ತದ್ದು ಇದ ಹೌದಲ್ಲೋ? ಇದು ನಿಮ್ಮಪ್ಪನ ಹೆಸರಿಗೆ ಇರಲಿ."

ಗಂಡನ ಕೈಯಿಂದ ಅರ ಜಾರಿತು. ಅವರು ನಕ್ಕರು, ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಉಸಿರು ಹಿಡಿದು ಕೂತಿದ್ದೆ, ಈ ನಗೆಯ ಕೊನೆಗೆ ಆ ಕೆಮ್ಮು ಎಲ್ಲಿ ಕಾದಿದೆಯೋ ಎಂದು. ನಗೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಕೆಮ್ಮು ಬರಲಿಲ್ಲ.